ಎಡ ಅಂಗೈಗೊಂದು ಮುಯ್ಯಾಳು

ಭಾಲ್ಕಿ,
ಮಾರ್ಗಶಿರ ಶುದ್ಧ ಷಷ್ಠಿ, ಫಸಲಿ ೧೩೩೭

ಪ್ರೀತಿಯ ಮಗಳು ಶಿವಕಾಂತಾಳಿಗೆ ನಿನ್ನ ಅಪ್ಪನ ಆಶೀರ್ವಾದ. ಬಲಗೈ ಎತ್ತಿ ಮಾಡುತ್ತಿದ್ದೇನೆ. ಎಡಗೈ ಏಳುವುದಿಲ್ಲವಾದರೂ ಅದರ ಪಾಲಿನದನ್ನೂ ಇದರಲ್ಲೇ ಸೇರಿಸಿಕೋ.

ನೀನು ಹೇಗಿದ್ದೀ? ಅಳಿಯ ಮಡೆಪ್ಪನವರು ಹೇಗಿದ್ದಾರೆ? ಬೀಗತಿ ಅನುಸೂಯಾಬಾಯಿಯವರ ಮೈ ಹೇಗಿದೆ? ಕೊನೆಯ ಎರಡು ಪ್ರಶ್ನೆಗೆ ನಿನ್ನ ಪತ್ರದಲ್ಲಿ ಉತ್ತರವಿದೆ, ಮೊದಲನೆಯದಕ್ಕೆ ಇಲ್ಲ. ಎರಡು ಹಾಳೆ ತುಂಬ ಬರೆದಿದ್ದೀ. ಅತ್ತೆಗೆ ಲಕ್ವಾ ಹೊಡೆದದ್ದು, ತೊಗರಿ ಹೂ ಬಿಟ್ಟದ್ದು, ಎಮ್ಮೆ ಈದದ್ದು, ಔರಾದದ ಸಂತೆಯಲ್ಲಿ ಬೆಲ್ಲ ಕಪ್ಪಗಿದ್ದದ್ದು ಎಲ್ಲ ಇದೆ. ಬರೆದವಳು ಉಂಡಳೋ ಬಿಟ್ಟಳೋ ಎಂಬುದು ಮಾತ್ರ ಎಲ್ಲೂ ಇಲ್ಲ. ಆ ಸುದ್ದಿ ನನಗೆ ನಮ್ಮ ಓಣಿಯ ಕುರಿಗಾರ ಧೊಂಡಿಬಾನಿಂದ ಸಿಕ್ಕಿತು. ಹೋದ ವಾರ ಮಂದೆ ಹೊಡೆದುಕೊಂಡು ನಿಮ್ಮ ಕಡೆ ಬಂದಿದ್ದನಲ್ಲ. ‘ಧಣಿ, ಸಣ್ಣ ಅವ್ವಾರು ಬಾವಿ ದಂಡಿಮ್ಯಾಲ ಕುಂತಲ್ಲೇ ನಿದ್ದಿ ಹೊಡೀಲತ್ತಿದ್ರು. ಹಗ್ಗ ಕೈಯಾಗ ಹಾಂಗೇ ಇತ್ತು. ನಾ ಕೂಗಿದ್ರ ಬೆಚ್ಚಿ ಬಿದ್ರು. ಅಪ್ಪಗ ಹೇಳಬ್ಯಾಡ ಅಂದ್ರು’ ಎಂದ. ಹೇಳಬೇಡ ಎಂದದ್ದನ್ನೇ ಮೊದಲು ಹೇಳುವ ಮನುಷ್ಯ ಅವನು, ದೇವರು ಅವನ ಬಾಯನ್ನು ಹಾಗೇ ಇಟ್ಟಿರಲಿ. ಬಾವಿಯ ದಂಡೆಯ ಮೇಲೆ ತೂಕಡಿಸುವುದು ಯಾವ ಊರಿನ ಜಾಣತನ ಮಗಳೇ? ಅದನ್ನು ಕೇಳಿದಾಗಿನಿಂದ ನನಗೆ ಹೆದರಿಕೆಯೂ ಇದೆ, ಸಿಟ್ಟೂ ಇದೆ.

ನಾವು ಇಲ್ಲಿ ಕ್ಷೇಮ. ನಿನ್ನ ಅವ್ವನಿಗೆ ಮೊಣಕಾಲು ನೋವು, ಅದು ಬಿಟ್ಟರೆ ನಾಲಿಗೆ ಮೊದಲಿನಂತೆಯೇ ಗಟ್ಟಿಯಾಗಿದೆ. ಈ ಪತ್ರವನ್ನು ನಿನ್ನ ಗಂಡನಿಗೆ ಓದಿ ಹೇಳುವಾಗ ಬೇಕಾದಲ್ಲಿ ಬಿಟ್ಟು ಓದು. ಅವರಿಗೆ ಉರ್ದು ಬರುತ್ತದೆ, ಮರಾಠಿ ಬರುತ್ತದೆ, ಕನ್ನಡ ಅಕ್ಷರ ಮಾತ್ರ ಇರುವೆ ಸಾಲಿನಂತೆ ಕಾಣುತ್ತದೆ ಎಂದು ಅವರೇ ನಗುತ್ತ ಹೇಳಿದ್ದರು. ಮಠದ ಅಯ್ಯನವರ ಹತ್ತಿರ ನಿನಗೆ ಅಕ್ಷರ ಕಲಿಸಿದಾಗ ‘ಹೆಣ್ಣಿಗಿ ಯಾಕ್ರಿ ಸಾಲಿ’ ಎಂದು ಕೇಳಿದವರೆಲ್ಲ ಈಗ ಬಂದು ನೋಡಲಿ. ಬೀಗರ ಮನೆಯ ವಿಷಯದಲ್ಲಿ ಬಾಯಿ ಹಾಕಬಾರದು ಎನ್ನುತ್ತಾರೆ. ನಾನು ಇಂದು ಬಾಯಿಯ ಜೊತೆ ಕೈಯನ್ನೂ ಹಾಕುವವನಿದ್ದೇನೆ.

ನೀನು ಬರೆದದ್ದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದು. ದಸರೆ ಕಳೆದ ಮೇಲೆ ನಿನ್ನ ಅತ್ತೆಯ ಎಡಗೈ ಎಡಗಾಲು ಬಿದ್ದುಹೋದವು. ಇದು ಗಾಳಿಯ ಬೇನೆ, ಗಾಳಿ ಸೋಕಿದರೆ ಉಳಿದ ಮೈಯೂ ಹೋಗುತ್ತದೆ ಎಂದು ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲು ಹಾಕಿ, ಬೆಳಕಿಂಡಿಗೆ ಹಳೆಯ ಸೀರೆ ತುರುಕಿದ್ದೀರಿ. ಎಡ ಅಂಗೈಯಲ್ಲಿ ಇಷ್ಟಲಿಂಗ ನಿಲ್ಲುವುದಿಲ್ಲ, ಪೂಜೆಯಾಗದೆ ಅವರು ಉಣ್ಣುವುದಿಲ್ಲ, ಒತ್ತಾಯ ಮಾಡಿದರೆ ಎರಡು ಗುಟುಕು ಅಂಬಲಿ ಕುಡಿದು ಗೋಡೆ ಕಡೆ ಹೊರಳುತ್ತಾರೆ. ಎತ್ತುವುದು, ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ನೀನೊಬ್ಬಳೇ. ಪಕ್ಕದ ಮನೆಯ ಭಾಗೀರಥಿಬಾಯಿ ಬಂದು ‘ನಾ ಕುಂದರ್ತೇನಿ, ನೀ ಹೋಗಿ ನೆಲಕ್ಕ ಬೆನ್ನು ಹಚ್ಚು’ ಎಂದರೆ, ಈ ಋಣ ಹೇಗೆ ತೀರಿಸಲಿ ಎಂದು ಅವರನ್ನು ಬಾಗಿಲಿಂದಲೇ ಕಳಿಸಿದ್ದೀ. ಇಷ್ಟೆಲ್ಲ ಬರೆದು ಕೊನೆಗೆ ಕೇಳಿದ್ದೇನು? ಅಪ್ಪಾಜಿ, ಬೀದರಿನಲ್ಲಿ ನಿಮಗೆ ಕೊಟ್ಟದ್ದು ಯಾವ ಎಣ್ಣೆ ಎಂದು. ಎಣ್ಣೆ ಧೊಂಡಿಬಾನ ಕೈಯಲ್ಲಿ ಕಳಿಸುತ್ತಿದ್ದೇನೆ, ತಿಕ್ಕು, ಒಳ್ಳೆಯದು. ಆದರೆ ನಾನು ಎದ್ದು ಕುಳಿತದ್ದು ಎಣ್ಣೆಯಿಂದಲ್ಲ. ಅದನ್ನು ನಿನಗೆ ನಾವು ಯಾರೂ ಸರಿಯಾಗಿ ಹೇಳಿಲ್ಲ. ಕೊಟ್ಟ ಹೆಣ್ಣು ದೂರದಲ್ಲಿ ಕುಳಿತು ಅಳುವುದು ಬೇಡ ಎಂದು ನಿನ್ನ ಅವ್ವ ಬಾಯಿ ಹೊಲಿದುಕೊಂಡಿದ್ದಳು.

ನಿನ್ನನ್ನು ಔರಾದಕ್ಕೆ ಕೊಟ್ಟ ಮರುವರ್ಷ ನಾನು ಅಂಗಡಿಯಲ್ಲಿ ತಕ್ಕಡಿ ಹಿಡಿದವನು ಹಿಡಿದ ಹಾಗೇ ಬಿದ್ದೆ. ಗಾಡಿಯಲ್ಲಿ ಹಾಕಿಕೊಂಡು ಬೀದರಿಗೆ ಹೋದರು. ಅಲ್ಲಿಯ ಹಕೀಮರು ನಾಡಿ ನೋಡಿ, ಎಣ್ಣೆ ಕೊಟ್ಟು, ಕೆಲವು ದಿನ ತಣ್ಣನೆಯ ಗಾಳಿಗೆ ಒಡ್ಡಬೇಡಿ ಎಂದರು. ಅವರು ಹೇಳಿದ್ದು ಕೆಲವು ದಿನ. ನಮ್ಮವರು ಅದನ್ನು ಭಾಲ್ಕಿಗೆ ತರುವಷ್ಟರಲ್ಲಿ ಎಲ್ಲ ಗಾಳಿಯೂ ಆಗಿತ್ತು, ಎಲ್ಲ ದಿನವೂ ಆಗಿತ್ತು. ನಮ್ಮ ಜನಕ್ಕೆ ಪಥ್ಯ ಎಂದರೆ ಅಷ್ಟು ಪ್ರೀತಿ, ಒಂದು ಹೇಳಿದರೆ ಹತ್ತು ಮಾಡುತ್ತಾರೆ. ಕಾಳಿನ ಕೋಣೆಯಲ್ಲಿ ಮಲಗಿಸಿದರು. ಚಳಿಗಾಲ ಹೋಯಿತು, ಬೇಸಿಗೆ ಬಂತು, ಬಾಗಿಲು ತೆರೆಯಲಿಲ್ಲ. ಬೆಳಗಾದದ್ದು ನನಗೆ ಬೀಸುಕಲ್ಲಿನ ಸದ್ದಿನಿಂದ ಗೊತ್ತಾಗುತ್ತಿತ್ತು. ನೋಡಲು ಬಂದವರು ಹೊಸ್ತಿಲಲ್ಲಿ ನಿಂತು, ನಾನು ಕೇಳುವಂತೆಯೇ ‘ಛೇ, ಎಂಥಾ ಮನಷಾ ಇದ್ದ’ ಎನ್ನುತ್ತಿದ್ದರು. ಇದ್ದ ಎನ್ನುತ್ತಿದ್ದರು, ನೋಡು. ನೀನು ಬಂದಾಗ ನಾನು ಗೋಡೆ ಕಡೆ ಮುಖ ಮಾಡಿದ್ದೆನಲ್ಲ, ನಿದ್ದೆಯಲ್ಲಿದ್ದೆ ಎಂದು ಅವ್ವ ಹೇಳಿದಳು. ನನಗೆ ನಿದ್ದೆ ಇರಲಿಲ್ಲ. ಸೊಟ್ಟ ಬಾಯನ್ನು ನಿನಗೆ ತೋರಿಸುವ ಮನಸ್ಸಿರಲಿಲ್ಲ, ಅಷ್ಟೇ.

ಲಿಂಗದ ಮಾತು ಹೇಳುತ್ತೇನೆ, ಇದನ್ನು ನಿನ್ನ ಅತ್ತೆಗೆ ಗಟ್ಟಿಯಾಗಿ ಓದಿ ಹೇಳು. ನನ್ನ ಎಡಗೈಯೂ ಹೀಗೇ ಹೋಗಿತ್ತು. ಹುಟ್ಟಿದಾಗಿನಿಂದ ಪೂಜೆಯಿಲ್ಲದೆ ನೀರು ಮುಟ್ಟದವನು ನಾನು. ಅಂಗೈ ಚಾಚಿದರೆ ಬೆರಳು ಮುಚ್ಚಿಕೊಳ್ಳುತ್ತಿದ್ದವು, ಬಿಡಿಸಿದರೆ ಕೈ ಜಾರುತ್ತಿತ್ತು. ದೇವರೇ ನನ್ನ ಕೈ ಒಲ್ಲೆ ಎಂದ ಮೇಲೆ ಉಣ್ಣುವುದು ಯಾಕೆ ಎಂದು ನಾನು ಹಟ ಹಿಡಿದು ಮಲಗಿದೆ. ನಿನ್ನ ಅವ್ವ ಅತ್ತಳು, ಬೈದಳು, ಆಮೇಲೆ ಒಂದು ಮುಂಜಾನೆ ನನ್ನ ಬೆನ್ನಿಗೆ ಕಾಳಿನ ಚೀಲ ಕೊಟ್ಟು ಕೂಡಿಸಿ, ನನ್ನ ಎಡ ಅಂಗೈ ಕೆಳಗೆ ತನ್ನ ಅಂಗೈ ಇಟ್ಟಳು. ಮೇಲೆ ನನ್ನ ಕೈ, ಕೆಳಗೆ ಅವಳ ಕೈ. ಲಿಂಗ ನಿಂತಿತು. ನಾನು ಬಲಗೈಯಿಂದ ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಮಠದ ಅಯ್ಯನವರನ್ನು ಕೇಳಿ ಕಳಿಸಿದರೆ ಅವರು, ‘ಕೈ ಅವಂದೇ ಅದ, ಆಸರಾ ಆಕಿದಿದ್ರ ಏನಾಯ್ತು’ ಎಂದರು. ಅವತ್ತು ನಾನು ಅತ್ತದ್ದು ನೋಡಿ ನಿನ್ನ ಅವ್ವ ಇನ್ನೊಂದು ಸಲ ಲಕ್ವಾ ಹೊಡೆಯಿತೋ ಏನೋ ಎಂದು ಹೆದರಿದಳು. ಆ ಮೇಲೆ ರೊಟ್ಟಿ ತಿಂದೆ.

ಆದರೆ ಅಂಗೈ ಕೊಟ್ಟವಳ ಗತಿ ಏನಾಯಿತು ಕೇಳು. ಎತ್ತಿ ಎತ್ತಿ ಅವಳ ಸೊಂಟ ಹಿಡಿಯಿತು. ಮೊದಲ ಹದಿನೈದು ದಿನ ಊರೆಲ್ಲ ಬಂದಿತ್ತು, ಆಮೇಲೆ ನಾಯಿಯೂ ಬರಲಿಲ್ಲ. ಬಂದ ಒಬ್ಬಿಬ್ಬರನ್ನೂ ಅವಳು ನಿನ್ನಂತೆಯೇ ಬಾಗಿಲಿಂದ ಕಳಿಸಿದಳು. ‘ಹೊಲದಾಗ ಮುಯ್ಯಾಳ ಬಂದ್ರ ನಾಳಿ ನಾ ಹೋಗಿ ತೀರಸ್ತೇನಿ. ಈ ಕೆಲಸದ ಮುಯ್ಯಿ ಹ್ಯಾಂಗ ತೀರಸ್ಲಿ? ಅವರ ಮನ್ಯಾಗೂ ಒಬ್ಬರಿಗಿ ಲಕ್ವಾ ಹೊಡೀಲಿ ಅನ್ಲೇನು?’ ಎನ್ನುತ್ತಿದ್ದಳು. ಇಂದು ನಮ್ಮ ಹೊಲದ ಕಳೆಗೆ ನಿಮ್ಮ ಮನೆಯ ಆಳು, ನಾಳೆ ನಿಮ್ಮ ಹೊಲಕ್ಕೆ ನಮ್ಮ ಮನೆಯ ಆಳು ಎನ್ನುವ ಲೆಕ್ಕದಲ್ಲೇ ಹುಟ್ಟಿ ಬೆಳೆದವಳು, ಅವಳ ತಪ್ಪೂ ಅಲ್ಲ. ಕಡೆಗೊಂದು ದಿನ ಅವಳು ಅಡಿಗೆಮನೆಯಲ್ಲಿ ಬಿದ್ದಳು. ನಾನು ಕೋಣೆಯೊಳಗಿಂದ ಕೂಗಿದೆ. ಸೊಟ್ಟ ಬಾಯಿಯ ಕೂಗು ಬೀದಿಗೆ ಕೇಳುವುದೆಲ್ಲಿ? ಅವಳು ನರಳುವುದು ನನಗೆ ಕೇಳುತ್ತಿತ್ತು, ನಡುವೆ ಇದ್ದದ್ದು ಒಂದು ಬಾಗಿಲು. ಅಂಥ ಮಧ್ಯಾಹ್ನ ವೈರಿಗೂ ಬೇಡ. ಬಾವಿಯ ಸುದ್ದಿ ಕೇಳಿ ನಾನು ಯಾಕೆ ಹೆದರಿದೆ ಎಂದು ಈಗ ನಿನಗೆ ತಿಳಿದಿರಬೇಕು.

ಮೊಸರು ಕೇಳಲು ಬಂದ ಎದುರು ಮನೆಯ ಮಹಮೂದಾ ಬೇಗಂ ನಿನ್ನ ಅವ್ವನನ್ನು ಎತ್ತಿ ಕೂಡಿಸಿದರು. ಅವರ ಯಜಮಾನರು ಮುನೀರೋದ್ದೀನ ಸಾಹೇಬರು ನಿನಗೆ ನೆನಪಿದ್ದಾರೆ, ಕಚೇರಿಯಲ್ಲಿ ಮುನ್ಷಿಯಾಗಿದ್ದವರು, ನಿನಗೆ ಖರ್ಜೂರ ಕೊಡುತ್ತಿದ್ದವರು. ನನಗಿಂತ ಮೊದಲೇ ಅವರಿಗೆ ಬಲಭಾಗಕ್ಕೆ ಹೊಡೆದು ಮಾತೂ ಹೋಗಿತ್ತು. ಬೇಗಂ ಅವ್ವನಿಗೆ ನೀರು ಕುಡಿಸಿ ಹೇಳಿದ್ದನ್ನು ನಾನು ಒಳಗಿಂದ ಕೇಳಿಸಿಕೊಂಡೆ. ‘ಶಾಂತಾಬಾಯಿ, ನಿಮ್ಮ ಮನ್ಯಾಗ ಅರ್ಧಾ ಮನಷಾ ಅದಾನ, ನಮ್ಮ ಮನ್ಯಾಗ ಇನ್ನರ್ಧಾ. ಎರಡೂ ತಂದು ಒಂದೇ ಕಟ್ಟಿಮ್ಯಾಲ ಇಡೂಣ್ರಿ. ಒಂದಿನ ನಾ ನೋಡ್ತೇನಿ ನೀವು ಮಲಗ್ರಿ, ಒಂದಿನ ನೀವು ನೋಡ್ರಿ ನಾ ಮಲಗ್ತೇನಿ. ಇದು ಮುಯ್ಯಿ ಅಲ್ಲೇನ್ರಿ?’ ಎಂದರು.

ಮರುದಿನ ಕೋಣೆಯ ಬಾಗಿಲು ತೆರೆದರು. ಗಾಳಿ ಬಂತು, ನಾನು ಸಾಯಲಿಲ್ಲ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಎರಡು ಕಂಬಳಿ ಹಾಸಿ ಇಬ್ಬರನ್ನೂ ಕೂಡಿಸಿದರು. ಬೇಗಂ ತಮ್ಮ ಬಾಗಿಲಿನ ಬಿದಿರುಕಡ್ಡಿಯ ಚಿಕ್ಕಿನ ಪರದೆಯ ಹಿಂದೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತ ನಮ್ಮನ್ನು ಕಾಯುತ್ತಿದ್ದರು. ನಾನು ವಾಲಿದರೆ ಪರದೆಯೊಳಗಿಂದಲೇ ಬೀದಿಯಲ್ಲಿ ಹೋಗುವವರನ್ನು ಕೂಗಿ ಎತ್ತಿಸುತ್ತಿದ್ದರು. ಸಾಹೇಬರಿಗೆ ಎಡಗೈ ಇದೆ, ನನಗೆ ಬಲಗೈ ಇದೆ. ಶೇಂಗಾ ಅವರು ಹಿಡಿದರೆ ನಾನು ಒಡೆಯುತ್ತೇನೆ. ಚೀಲದ ಬಾಯಿಗೆ ಹಗ್ಗ ಅವರು ಎಳೆದು ಹಿಡಿದರೆ ಗಂಟು ನಾನು ಹಾಕುತ್ತೇನೆ. ಮಾತೂ ನಾನೇ ಆಡುತ್ತೇನೆ, ಅವರದನ್ನೂ ಸೇರಿಸಿ. ತಪ್ಪು ಹೇಳಿದರೆ ಅವರು ನನ್ನ ತೊಡೆಗೆ ಗುದ್ದುತ್ತಾರೆ, ಅದೂ ಸತ್ತ ತೊಡೆಗೆ ಅಲ್ಲ, ನೋವಾಗುವ ತೊಡೆಗೆ. ಧೊಂಡಿಬಾ ತನ್ನ ಕೋಲು ಕೊಟ್ಟು ನನ್ನನ್ನು ಬೀದಿಯ ತುದಿಯವರೆಗೆ ನಡೆಸಲು ಹಿಡಿದ. ‘ಕುಂಟ ಕುರಿ ಹಿಂಡಿನ ಜೋಡಿ ನಡದ್ರ ಉಳೀತದರಿ ಧಣಿ, ಹಟ್ಟ್ಯಾಗ ಕಟ್ಟಿದ್ರ ಸೊರಗತದ’ ಎಂದ. ನನ್ನನ್ನು ಕುರಿ ಎಂದನಲ್ಲ ಎಂದು ಮೊದಲು ಸಿಟ್ಟು ಬಂತು, ಆದರೆ ನಡೆದೆ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ನಿನಗೆ ಇಷ್ಟು ಬರೆಯುತ್ತಿರಲಿಲ್ಲ. ಜೋಳದ ಸುಗ್ಗಿ ಬಂತು. ಓಣಿಯೆಲ್ಲ ಹೊಲದಲ್ಲಿ, ನಿನ್ನ ಅವ್ವನೂ ಹೊಲದಲ್ಲಿ. ನಮ್ಮನ್ನು ನೋಡಲು ಯಾರಾದರೂ ಬರುತ್ತಾರೆ ಎಂದು ಎಲ್ಲರೂ ಅಂದುಕೊಂಡರು, ಹಾಗಾಗಿ ಯಾರೂ ಬರಲಿಲ್ಲ. ಸಾಹೇಬರು ಕಟ್ಟೆಯಿಂದ ಉರುಳಿ ಹಣೆ ಒಡೆದುಕೊಂಡರು. ನಾನು ಒಂದು ಕೈಯಿಂದ ಅವರ ಅಂಗಿ ಹಿಡಿದುಕೊಂಡು ಒದರುತ್ತಿದ್ದೆ. ಜೀವಮಾನದಲ್ಲಿ ಬುರ್ಖಾ ಇಲ್ಲದೆ ಹೊರಗೆ ಕಾಲಿಡದ ಬೇಗಂ ಬರಿಯ ತಲೆಯಲ್ಲಿ ಬೀದಿಗೆ ಓಡಿ ಬಂದರು. ಸಂಜೆ ಹೊಲದಿಂದ ಬಂದವರು ಅದನ್ನು ಕೇಳಿ ತಲೆ ತಗ್ಗಿಸಿದರು. ಆಗ ನಾನೇ ಹೇಳಿದೆ. ಕರುಣೆಯಿಂದ ಬರುವುದಾದರೆ ಬರಬೇಡಿ, ಕರುಣೆಗೆ ಸುಗ್ಗಿಯಲ್ಲಿ ಪುರುಸೊತ್ತು ಇರುವುದಿಲ್ಲ. ಮುಯ್ಯಾಳಾಗಿ ಬನ್ನಿ. ಮುಯ್ಯಾಳು ತಪ್ಪಿಸಿದವನ ಹೊಲಕ್ಕೆ ಮುಂದೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ ನಮ್ಮವರಿಗೆ ಇದ್ದೇ ಇದೆ. ಅದು ಈ ಕಟ್ಟೆಗೂ ಇರಲಿ ಎಂದೆ. ಒಪ್ಪಿದರು. ದಿನಕ್ಕೊಂದು ಮನೆಯ ಪಾಳಿ, ಪಾಳಿ ಬಂದ ಮನೆಯವರು ತಾವು ಬರಲಾಗದಿದ್ದರೆ ಬೇರೆಯವರನ್ನು ಕಳಿಸಬೇಕು. ಆವತ್ತಿನಿಂದ ಇವತ್ತಿನವರೆಗೆ ಎರಡು ಸುಗ್ಗಿ ಕಳೆದಿವೆ, ಕಟ್ಟೆ ಬರಿದಾಗಿಲ್ಲ. ಈಗ ಸಂತೆಯ ದಿನ ಸಾಯಗಾಂವದಿಂದಲೂ ಗಾಡಿಯಲ್ಲಿ ಲಕ್ವಾ ಹೊಡೆದ ಇಬ್ಬರನ್ನು ತಂದು ನಮ್ಮ ಪಕ್ಕದಲ್ಲಿ ಕೂಡಿಸಿ ಹೋಗುತ್ತಾರೆ. ಅವರ ಹೆಂಡಂದಿರು ನಿನ್ನ ಅವ್ವನ ಪಡಸಾಲೆಯಲ್ಲಿ ಸಂತೆ ಮುಗಿಯುವವರೆಗೆ ಗೊರಕೆ ಹೊಡೆಯುತ್ತಾರೆ. ಸಂತೆಗೆ ಬಂದು ಮಲಗುವ ಹೆಂಗಸರನ್ನು ನಾನು ಮೊದಲ ಸಲ ನೋಡಿದ್ದು.

ನಾನು ಏನು ತೀರಿಸುತ್ತೇನೆ ಎಂದು ಕೇಳುತ್ತೀಯಾ? ಓಣಿಯವರ ಹಪ್ಪಳ, ಸಂಡಿಗೆ, ಬೇಳೆ ಎಲ್ಲ ನನ್ನ ಕಟ್ಟೆಯ ಮುಂದೆ ಒಣಗುತ್ತವೆ. ಆಡು ಬಂದರೆ ಕೋಲು ಬೀಸುತ್ತೇನೆ. ಭಾಲ್ಕಿಯ ಆಡುಗಳಿಗೆ ನನ್ನ ಹೆಸರು ಗೊತ್ತು. ಆದರೆ ಮಗಳೇ, ಇಷ್ಟು ಮಾಡಿದರೆ ಮುಯ್ಯಿ ತೀರಿತು ಎಂದು ನಾನು ತಿಳಿದಿಲ್ಲ, ತೀರುವುದೂ ಬೇಡ. ತೀರಿದರೆ ಅವರು ಬರುವುದು ನಿಲ್ಲುತ್ತದೆ, ನಾವು ಹೋಗುವುದೂ ನಿಲ್ಲುತ್ತದೆ. ಭಾಗೀರಥಿಬಾಯಿಯವರ ಮುಯ್ಯಿ ನಿನ್ನ ತಲೆಯ ಮೇಲೆ ಉಳಿಯಲಿ. ಅದರಿಂದ ನಿನ್ನ ಮನೆತನ ಸಣ್ಣದಾಗುವುದಿಲ್ಲ.

ನಿನಗೆ ಸುಳ್ಳು ಆಸೆ ಹಚ್ಚುವುದಿಲ್ಲ. ನನ್ನ ಎಡಗೈ ತಿರುಗಿ ಬರಲಿಲ್ಲ. ಕಾಲು ಎಳೆಯುತ್ತದೆ. ಇನ್ನೂ ಕೆಲವೊಮ್ಮೆ ಸುಮ್ಮಸುಮ್ಮನೆ ಅಳು ಬರುತ್ತದೆ, ತಾಟು ಎತ್ತಿ ಒಗೆಯುವಷ್ಟು ಸಿಟ್ಟು ಬರುತ್ತದೆ. ನಿನ್ನ ಅತ್ತೆಯೂ ಹಾಗೆ ಮಾಡುತ್ತಾರೆ, ಅದನ್ನು ನಿನ್ನ ಮೇಲೆ ಹಾಕಿಕೊಳ್ಳಬೇಡ. ಮೊದಲೇ ಅವರ ಮಾತು ಮೆಣಸಿನಕಾಯಿ, ಗೊತ್ತಿದ್ದೇ ಕೊಟ್ಟಿದ್ದೇನೆ. ಆದರೆ ಬೆಳಕಿಂಡಿಯ ಸೀರೆ ಇವತ್ತೇ ಕೀಳು. ಭಾಗೀರಥಿಬಾಯಿಯವರ ಮನೆಗೆ ನೀನೇ ಹೋಗಿ ಕರೆ, ಇಬ್ಬರೂ ಸೇರಿ ಎತ್ತಿ ಕೂಡಿಸಿರಿ. ಅತ್ತೆಯ ಅಂಗೈ ಕೆಳಗೆ ನಿನ್ನ ಅಂಗೈ ಇಡು. ಸೊಸೆಯ ಆಸರೆ ಬೇಡ ಎಂದರೆ, ಬೀಗರು ಹೆಂಡತಿಯ ಆಸರೆಯಲ್ಲಿ ಪೂಜೆ ಮಾಡಿ ಮೂರು ವರ್ಷದಿಂದ ಉಣ್ಣುತ್ತಿದ್ದಾರೆ, ಅವರಿಗಿಲ್ಲದ ಬಿಗುಮಾನ ನಿಮಗೆ ಯಾಕೆ ಎಂದು ನಾನು ಕೇಳಿದೆನೆಂದು ಹೇಳು. ಮಡೆಪ್ಪನವರು ತಲೆಯ ಮೇಲೆ ಕೈ ಹೊತ್ತು ಕುಳಿತಿರುತ್ತಾರೆ ಎಂದು ಬರೆದಿದ್ದೀ. ಆ ಕೈಗೆ ಕೆಲಸ ಕೊಡು. ತಾಯಿಯನ್ನು ಅಂಗಳಕ್ಕೆ ಎತ್ತಿ ತರುವುದು ಗಂಡುಮಗನಿಗೆ ಅವಮಾನವಲ್ಲ.

ಬಸವಣ್ಣ ನಿಮ್ಮ ಮನೆಯನ್ನು ಕಾಯಲಿ. ನಿನ್ನ ಸೊಂಟ ಗಟ್ಟಿಯಾಗಿರಲಿ, ನಿನ್ನ ಅತ್ತೆಯ ಹೊಟ್ಟೆ ತುಂಬಲಿ, ಎಮ್ಮೆಯ ಕರು ಬದುಕಲಿ. ಅಳಿಯಂದಿರಿಗೆ ಆಶೀರ್ವಾದ, ಬೀಗತಿಯವರಿಗೆ ಶರಣು, ಭಾಗೀರಥಿಬಾಯಿಯವರಿಗೆ ಎರಡು ಸಲ ಶರಣು.

ನಿನ್ನ ಅಪ್ಪ,
ಮನ್ಮಥಪ್ಪ

ತಾಜಾ ಕಲಂ: ಸಹಿ ಹಾಕಿ ನಿನ್ನ ಅವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಆಕೆ, ‘ಛಲೋ ಬರದೀರಿ. ಈ ಕಾಗದ ಹೋಗಿ ಬೀಗತಿನ ಎತ್ತಿ ಕೂಡಸ್ತದೇನು?’ ಎಂದಳು. ಆದ್ದರಿಂದ ಪತ್ರ ಧೊಂಡಿಬಾನ ಕೈಯಲ್ಲಿ ಚಿಂತಾಕಿಯ ದಾರಿಯಿಂದ ಮುಂದೆ ಬರುತ್ತದೆ, ಹಿಂದೆ ಗಾಡಿಯಲ್ಲಿ ನಾವಿಬ್ಬರೂ ಬರುತ್ತಿದ್ದೇವೆ. ಮಗಳ ಮನೆಯಲ್ಲಿ ತಂದೆ ಬಹಳ ದಿನ ಉಳಿಯಬಾರದು ಎಂಬುದು ನನಗೂ ಗೊತ್ತು. ನಾನು ಭಾಗೀರಥಿಬಾಯಿಯವರ ಕಟ್ಟೆಯ ಮೇಲೆ ಮಲಗುತ್ತೇನೆ, ಹಗಲು ನಿಮ್ಮ ಅಂಗಳದಲ್ಲಿ ಬಿಸಿಲಿಗೆ ಕುಳಿತುಕೊಳ್ಳುತ್ತೇನೆ. ಅಂಗಳದಲ್ಲಿ ಬೀಗ ಕುಳಿತಿರುವಾಗ ಮನೆಯ ಯಜಮಾನಿ ಕತ್ತಲಲ್ಲಿ ಮಲಗಿರುವಂತಿಲ್ಲ, ನಿನ್ನ ಅತ್ತೆ ಅಂಥ ಮರ್ಯಾದೆಗೇಡಿ ಅಲ್ಲ. ಅವರು ಹೊರಗೆ ಬರುವವರೆಗೆ ನಾನು ಏಳುವುದಿಲ್ಲ, ಏಳುವುದು ನನಗೆ ಮೊದಲೇ ಕಷ್ಟ. ಬೇಗಂ ಹೋಗಿ ಬನ್ನಿ ಎಂದಿದ್ದಾರೆ, ಸಾಹೇಬರನ್ನು ಓಣಿ ನೋಡಿಕೊಳ್ಳುತ್ತದೆ. ನಾನು ಬರುವುದು ಬೀಗತಿಗಾಗಿ. ನಿನ್ನ ಅವ್ವ ಬರುವುದು ನಿನಗಾಗಿ, ಅತ್ತೆಯನ್ನು ನೋಡಲು ಅಲ್ಲ. ಆಕೆ ಬಂದು ನಿನ್ನ ಕೈಯಿಂದ ಕೊಡ ಇಸಿದುಕೊಂಡ ಕೂಡಲೇ ನೀನು ಹೋಗಿ ಮಲಗಬೇಕು. ಯಾರು ಕರೆದರೂ ಏಳಬೇಡ. ಅತ್ತೆ ಕರೆದರೂ, ಗಂಡ ಕರೆದರೂ, ನಾನೇ ಕರೆದರೂ ಏಳಬೇಡ. ನಿದ್ದೆ ಮಾಡು, ಮಗಳೇ.